ವಿಜಯಪುರದ ಬಿಸಿಲಲ್ಲಿ ಫ್ಯೂಯಲ್ ಸೆಲ್ ಕಿಟ್: ಎರಡು ವರ್ಷ ಬಳಸಿದ ಮೇಲೆ

ವಿಜಯಪುರದ ಒಂದು ಇಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದಲ್ಲಿ ನಾನು ಹದಿನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಕೊನೆಯ ವರ್ಷದವರಿಗೆ ಫ್ಯೂಯಲ್ ಸೆಲ್, ಅಂದರೆ ಹೈಡ್ರೋಜನ್ನನ್ನು ಆಕ್ಸಿಜನ್ ಜೊತೆ ಸೇರಿಸಿ ವಿದ್ಯುತ್ ಹುಟ್ಟಿಸುವ ಇಂಧನ ಕೋಶ, ಐಚ್ಛಿಕ ವಿಷಯ. ಮೊದಲ ಮೂರು ವರ್ಷ ಇದನ್ನು ಬರೀ ಬೋರ್ಡಿನ ಮೇಲೆ ಕಲಿಸಿದೆ. ಪೋಲರೈಸೇಷನ್ ಕರ್ವ್, ಅಂದರೆ ಕರೆಂಟ್ ಹೆಚ್ಚು ಎಳೆದಂತೆ ವೋಲ್ಟೇಜ್ ಹೇಗೆ ಇಳಿಯುತ್ತದೆಂದು ತೋರಿಸುವ ಗೆರೆ, ತೆಗೆಯಿರಿ ಎಂದರೆ ನಲವತ್ತು ಉತ್ತರ ಪತ್ರಿಕೆಗಳಲ್ಲೂ ಅಚ್ಚು ಹಾಕಿದಂತೆ ಒಂದೇ ಗೆರೆ ಬರುತ್ತಿತ್ತು. ಆ ಗೆರೆ ಯಾಕೆ ಹಾಗೆ ಬಾಗುತ್ತದೆ ಎಂದು ಮೌಖಿಕದಲ್ಲಿ ಕೇಳಿದರೆ ಎಲ್ಲರೂ ನೆಲ ನೋಡುತ್ತಿದ್ದರು. ತಪ್ಪು ಅವರದಲ್ಲ. ಹೈಡ್ರೋಜನ್ನನ್ನೇ ಕಂಡಿರದ ಹುಡುಗರಿಗೆ ನಾನು ಬರೀ ಗೆರೆ ತೋರಿಸಿದ್ದೆ.

ಹಾಗಾಗಿ ಎರಡು ವರ್ಷದ ಹಿಂದೆ ವಿಭಾಗದ ಹಣದಲ್ಲಿ ಒಂದು ಬೋಧನಾ ಕಿಟ್ ತರಿಸಿದೆವು. ಸಾಗಣೆ, ತೆರಿಗೆ ಎಲ್ಲ ಸೇರಿ ಒಂದೂವರೆ ಲಕ್ಷಕ್ಕೆ ಸ್ವಲ್ಪ ಕಡಿಮೆ ಬಿತ್ತು. ಕಂಪನಿಯ ಹೆಸರು ಬರೆಯುತ್ತಿಲ್ಲ. ಹೆಚ್ಚುಕಡಿಮೆ ಇದೇ ಸಾಮಾನುಗಳ ಕಿಟ್‌ಗಳನ್ನು ಬೇರೆಯವರೂ ಮಾರುತ್ತಾರೆ, ನನ್ನ ಮಾತುಗಳಲ್ಲಿ ಬಹಳಷ್ಟು ಅವಕ್ಕೂ ಹೊಂದುತ್ತವೆ. ಬಾಗಲಕೋಟೆ, ಬೆಳಗಾವಿ ಕಡೆಯ ಕೆಲವು ಸಹೋದ್ಯೋಗಿಗಳು "ತಗೋಬಹುದಾ?" ಎಂದು ಫೋನ್ ಮಾಡಿ ಕೇಳಿದ್ದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಪೆಟ್ಟಿಗೆಯಲ್ಲಿ ಬಂದದ್ದು ಇಷ್ಟು: ನೀರನ್ನು ಒಡೆಯುವ ಸಣ್ಣ ಎಲೆಕ್ಟ್ರೋಲೈಸರ್, ಗ್ಯಾಸ್ ತುಂಬಿಕೊಳ್ಳುವ ಅಳತೆ ಗೆರೆಯ ಎರಡು ಕೊಳವೆ, ಬಿಚ್ಚಿ ಜೋಡಿಸಬಹುದಾದ ಒಂದು ಸಿಂಗಲ್ ಸೆಲ್, ಹತ್ತು ಸೆಲ್‌ಗಳನ್ನು ಒಂದಕ್ಕೊಂದು ಜೋಡಿಸಿದ, ಫ್ಯಾನ್ ಇರುವ ಸ್ಟ್ಯಾಕ್, ಒಂದು ಸೋಲಾರ್ ಫಲಕ, ಎಳೆಯುವ ಕರೆಂಟನ್ನು ಹೆಚ್ಚುಕಡಿಮೆ ಮಾಡುವ ರಿಯೋಸ್ಟ್ಯಾಟ್, ಎರಡು ಮೀಟರ್. ಮತ್ತೆ ಒಂದು ಕೈಪಿಡಿ.

ಇದರಲ್ಲಿ ಬಂಗಾರದಂಥದ್ದು ಆ ಬಿಚ್ಚುವ ಸೆಲ್. ಒಳಗಿನ ಕೆಲಸದ ಜಾಗ ಒಂದು ಬದಿಗೆ ಮೂರೇ ಸೆಂಟಿಮೀಟರ್. ನಡುವಿನ ಮೆಂಬ್ರೇನ್, ಅಂದರೆ ಪೊರೆ, 50 ಮೈಕ್ರಾನ್ ದಪ್ಪ, ತಲೆಗೂದಲಿನಷ್ಟು ಎನ್ನಿ. ಎರಡೂ ಕಡೆ ಪ್ಲಾಟಿನಂ ಹಚ್ಚಿದ ಕಪ್ಪು ಪದರ, ಅದರ ಹೊರಗೆ ಕಾರ್ಬನ್ ಕಾಗದ, ಆಮೇಲೆ ಗೀರು ಕೊರೆದ ಗ್ರಾಫೈಟ್ ತಟ್ಟೆ. ನಾಲ್ಕು ನಟ್ಟು ಬಿಚ್ಚಿದರೆ ಎಲ್ಲವೂ ಮೇಜಿನ ಮೇಲೆ. ಪುಸ್ತಕದ ಅಡ್ಡಕೊಯ್ತದ ಚಿತ್ರದಲ್ಲಿ ಇವೆಲ್ಲ ಒಂದೇ ದಪ್ಪಕ್ಕೆ ಕಾಣುತ್ತವೆ. ಮೆಂಬ್ರೇನ್ ಇಷ್ಟು ತೆಳ್ಳಗೆ, ತಟ್ಟೆ ಅಷ್ಟು ದಪ್ಪ ಎಂಬುದು ಬೆರಳಿಗೆ ಗೊತ್ತಾಗುವುದೇ ಬೇರೆ. ಮೊದಲ ದಿನ ಒಬ್ಬ ಹುಡುಗಿ ಬರಿಗೈಯಲ್ಲಿ ಮೆಂಬ್ರೇನ್ ಹಿಡಿಯಲು ಹೋದಳು, ತಡೆದೆ. ಬೆವರಿನ ಉಪ್ಪಿನಲ್ಲಿರುವ ಸೋಡಿಯಂ ಅದಕ್ಕೆ ಆಗಿಬರುವುದಿಲ್ಲ. ಕೈಗವಸು ಕಿಟ್‌ನಲ್ಲಿ ಬರುವುದಿಲ್ಲ, ನೀವೇ ತರಿಸಿಕೊಳ್ಳಿ.

ಮೊದಲ ಬಾರಿ ಗ್ಯಾಸ್ ಹಾಯಿಸಿ ಮೀಟರ್ ಹಚ್ಚಿದ ದಿನ ಇಂಡಿ ಕಡೆಯ ಒಬ್ಬ ಹುಡುಗ ಕೇಳಿದ: "ಮೇಡಮ್ರಿ, ಬೋರ್ಡ್ ಮ್ಯಾಲೆ 1.23 ವೋಲ್ಟ್ ಅಂತ ಬರದೀರಿ. ಮೀಟರ್ 0.93 ತೋರಸಾಕತ್ತೈತಿ. ಉಳದದ್ದು ಎಲ್ಲಿ ಹೋತ್ರಿ?"

ಮೂರು ವರ್ಷ ನಾನು ಕಾಯುತ್ತಿದ್ದ ಪ್ರಶ್ನೆ ಅದು. 1.23 ಎಂಬುದು ಯಾವ ನಷ್ಟವೂ ಇಲ್ಲದಿದ್ದರೆ ಒಂದು ಸೆಲ್ ಕೊಡಬೇಕಾದ ಪುಸ್ತಕದ ಅಂಕಿ. ಇನ್ನೂ ಕರೆಂಟ್ ಎಳೆದೇ ಇಲ್ಲ, ಆಗಲೇ 0.3 ವೋಲ್ಟ್ ಇಲ್ಲ. ಮೆಂಬ್ರೇನ್ ಎಷ್ಟೇ ಬಿಗಿ ಇದ್ದರೂ ಒಂದಿಷ್ಟು ಹೈಡ್ರೋಜನ್ ಅದರೊಳಗಿಂದ ಜಿನುಗಿ ಆ ಕಡೆಗೆ ಹೋಗುತ್ತದೆ, ಅಲ್ಲಿ ತಂತಿಯ ದಾರಿ ಹಿಡಿಯದೆ ನೇರವಾಗಿ ಆಕ್ಸಿಜನ್ ಜೊತೆ ಸೇರಿಬಿಡುತ್ತದೆ. ಆಕ್ಸಿಜನ್ ಕಡೆಯ ಕ್ರಿಯೆಯೂ ಪ್ಲಾಟಿನಂ ಮೇಲೆ ಬಹಳ ನಿಧಾನ. ಇದನ್ನು ಹೇಳಿದ ಮೇಲೆ ರಿಯೋಸ್ಟ್ಯಾಟನ್ನು ಅವನ ಕೈಗೇ ಕೊಟ್ಟೆ. 0.1 ಆಂಪಿಯರ್ ಎಳೆಯುವಷ್ಟರಲ್ಲಿ ವೋಲ್ಟೇಜ್ 0.80ಕ್ಕೆ ದಬಕ್ಕನೆ ಬಿತ್ತು. ಅಲ್ಲಿಂದ ಮುಂದೆ ಸಾವಕಾಶ ಇಳಿಜಾರು: 1 ಆಂಪಿಯರ್‌ಗೆ 0.61, 2ಕ್ಕೆ 0.46. ಎರಡೂವರೆ ದಾಟಿದ ಮೇಲೆ ಮತ್ತೆ ಕುಸಿತ. ಪುಸ್ತಕದ ಮೂರು ನಷ್ಟಗಳು, ಕ್ರಿಯೆ ಶುರುವಾಗಲು ತೆರುವ ಬೆಲೆ, ಮೆಂಬ್ರೇನ್‌ನ ಪ್ರತಿರೋಧ, ಕೊನೆಗೆ ಗ್ಯಾಸ್ ಬಂದು ತಲುಪದೆ ಆಗುವ ಕೊರತೆ, ಮೂರೂ ಅವನ ಬೆರಳಿನ ತಿರುವಿನಲ್ಲೇ ಒಂದಾದ ಮೇಲೊಂದು ಬಂದುಹೋದವು. ಆ ಸಂಜೆ ಲ್ಯಾಬ್ ಮುಚ್ಚುವ ಹೊತ್ತಾದರೂ ಒಬ್ಬರೂ ಎದ್ದು ಹೋಗಲಿಲ್ಲ.

0.61 ವೋಲ್ಟನ್ನು 1.48ರಿಂದ ಭಾಗಿಸಿ ದಕ್ಷತೆ ತೆಗೆದರೆ ಶೇ 41. ಯಾಕೆ 1.23ರಿಂದ ಅಲ್ಲ, 1.48ರಿಂದ? ಹೈಡ್ರೋಜನ್ ಉರಿದರೆ ಸಿಗುವ ಒಟ್ಟು ಶಾಖ ಮೋಲ್‌ಗೆ 286 ಕಿಲೋಜೂಲ್ (ವೋಲ್ಟಿನ ಲೆಕ್ಕದಲ್ಲಿ 1.48), ಅದರಲ್ಲಿ ವಿದ್ಯುತ್ತಾಗಿ ಬರಬಲ್ಲದ್ದು 237 (ಅದೇ 1.23). ಇದು ಪರೀಕ್ಷೆಯಲ್ಲಿ ಎಲ್ಲರೂ ಬರೆಯುವ ವಾಕ್ಯ. ತಮ್ಮದೇ ಅಂಕಿಯನ್ನು ಭಾಗಿಸುವಾಗ ಮಾತ್ರ ಅದರ ಬಗ್ಗೆ ಜಗಳ ಆಡುತ್ತಾರೆ, ಆ ಜಗಳವೇ ನನಗೆ ಬೇಕಿತ್ತು.

ಇನ್ನೊಂದು ಪ್ರಯೋಗವನ್ನು ಕೈಪಿಡಿ ಎರಡೇ ಸಾಲಿನಲ್ಲಿ ಮುಗಿಸಿದೆ, ನನಗೆ ಅದು ಇಡೀ ಎರಡು ತಾಸು ಕೊಟ್ಟಿತು. ಎಲೆಕ್ಟ್ರೋಲೈಸರ್‌ಗೆ 5 ನಿಮಿಷ 1 ಆಂಪಿಯರ್ ಕೊಡಿ, ಬಂದ ಹೈಡ್ರೋಜನ್ ಅಳೆಯಿರಿ, ಹರಿದ ವಿದ್ಯುತ್ತಿಗೆ ಎಷ್ಟು ಗ್ಯಾಸ್ ಬರಬೇಕೆಂದು ಹೇಳುವ ಫ್ಯಾರಡೆ ನಿಯಮದ ಲೆಕ್ಕಕ್ಕೆ ಹೋಲಿಸಿರಿ, ಅಷ್ಟೇ. ಒಂದು ಮೋಲ್ ಎಲೆಕ್ಟ್ರಾನಿಗೆ 96485 ಕೂಲಂಬ್ ಎಂದು ಇಟ್ಟುಕೊಂಡು ಮಕ್ಕಳು ಲೆಕ್ಕ ಹಾಕಿದರು: 35 ಮಿಲಿಲೀಟರ್ ಬರಬೇಕು. ಕೊಳವೆಯಲ್ಲಿ ಇದ್ದದ್ದು 42. ಅಂದರೆ ದಕ್ಷತೆ ಶೇ 120! ಒಂದು ಗುಂಪಿನವರು ಗಾಬರಿಯಾಗಿ ತಮ್ಮ ಓದನ್ನೇ ತಿದ್ದಿ 34 ಎಂದು ಬರೆದುಕೊಂಡರು. ಅವರನ್ನು ಬೈಯಲಿಲ್ಲ, ಆದರೆ ಆ ಹಾಳೆಯನ್ನು ಎಲ್ಲರೆದುರು ಇಟ್ಟು ಹೇಳಿದೆ: ಕೊಳವೆ ಸುಳ್ಳು ಹೇಳಿಲ್ಲ, ಲೆಕ್ಕ ಎಲ್ಲಿಯದು ನೋಡಿ. ಮೋಲ್‌ಗೆ 22.4 ಲೀಟರ್ ಎಂಬುದು ಸೊನ್ನೆ ಡಿಗ್ರಿಯ, ಸಮುದ್ರಮಟ್ಟದ ಲೆಕ್ಕ. ನಮ್ಮ ಲ್ಯಾಬಿನಲ್ಲಿ ಆ ದಿನ 35 ಡಿಗ್ರಿ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಶೇ 7ರಷ್ಟು ಕಡಿಮೆ. ಮೇಲಾಗಿ ಗ್ಯಾಸ್ ನೀರಿನ ಮೇಲೆ ಕೂಡಿಕೊಂಡಿದೆ, ಅದರಲ್ಲಿ ನೀರಾವಿ ಬೆರೆತಿದೆ. ಮೂರನ್ನೂ ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ಬರಬೇಕಾದದ್ದು 45 ಮಿಲಿಲೀಟರ್. ಸಿಕ್ಕದ್ದು 42. ಶೇ 93. ಉಳಿದದ್ದು ಮೆಂಬ್ರೇನ್ ದಾಟಿದ್ದು, ಕೀಲಿನಲ್ಲಿ ಸೋರಿದ್ದು. 34 ಎಂದು ತಿದ್ದಿದ್ದ ಗುಂಪೇ ಎದ್ದು ಬಂದು ಬೋರ್ಡಿನ ಮೇಲೆ ಇದನ್ನು ಬಿಡಿಸಿತು.

ಈಗ ತೊಂದರೆಗಳ ವಿಷಯ. ಸಣ್ಣವಲ್ಲ.

ಮೊದಲನೆಯದು ಸ್ಟ್ಯಾಕ್. ಜಾಹೀರಾತಿನ ಫೋಟೋದಲ್ಲಿ ಸೋಲಾರ್ ಫಲಕ, ಎಲೆಕ್ಟ್ರೋಲೈಸರ್, ಸ್ಟ್ಯಾಕ್, ಅದರ ಮುಂದೆ ಉರಿಯುವ ದೀಪ, ಎಲ್ಲ ಒಂದೇ ಸಾಲಿನಲ್ಲಿ ಪೈಪಿನಿಂದ ಜೋಡಿಸಿದಂತೆ ಇತ್ತು. ಅದನ್ನು ನೋಡಿಯೇ ನಾವು ಸ್ಟ್ಯಾಕ್ ಇರುವ ಸೆಟ್ ಆರಿಸಿದ್ದು. ಕೂತು ಲೆಕ್ಕ ಹಾಕಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಹತ್ತು ಸೆಲ್‌ನ ಸ್ಟ್ಯಾಕ್ 2 ಆಂಪಿಯರ್ ಕೊಡಬೇಕಾದರೆ, 1 ಆಂಪಿಯರ್‌ನ ಎಲೆಕ್ಟ್ರೋಲೈಸರ್ ಹುಟ್ಟಿಸುವುದಕ್ಕಿಂತ ಇಪ್ಪತ್ತು ಪಟ್ಟು ಹೈಡ್ರೋಜನ್ ಬೇಕು. ಕೊಳವೆಯಲ್ಲಿ ತುಂಬಿಟ್ಟ 150 ಮಿಲಿಲೀಟರ್ ಒಂದು ನಿಮಿಷವೂ ಬಾಳಲಿಲ್ಲ, ದೀಪ ಹತ್ತಿ ಆರಿತು. ಮಕ್ಕಳ ಮುಖ ನೋಡಿ ನನಗೆ ನಿಜಕ್ಕೂ ಬೇಸರವಾಯಿತು. ಸ್ಟ್ಯಾಕ್ ಓಡಿಸಲು ಕೊನೆಗೆ ಹೈಡ್ರೋಜನ್ ಸಿಲಿಂಡರನ್ನೇ ತರಿಸಬೇಕಾಯಿತು. ಅದನ್ನು ಕೋಣೆಯೊಳಗೆ ಇಡಲು ನಾನು ಒಪ್ಪಲಿಲ್ಲ. ಪಡಸಾಲೆಯಲ್ಲಿ ಜಾಲರಿ ಹಾಕಿಸಿ, ರೆಗ್ಯುಲೇಟರ್ ಕೂರಿಸಿ, ಪೈಪ್ ಮಾತ್ರ ಒಳಗೆ ತಂದೆವು. ಆ ಖರ್ಚು ಬೇರೆ. ಮಾರುವವರು ಇದನ್ನು ಮೊದಲೇ ಹೇಳಬೇಕು, ನಮಗೆ ಹೇಳಲಿಲ್ಲ.

ಎರಡನೆಯದು ನೀರು. ಇದರಲ್ಲಿ ನಮ್ಮ ತಪ್ಪೂ ಇದೆ. ಒಂದು ಸೋಮವಾರ ನಾನು ರಜೆಯಲ್ಲಿದ್ದೆ. ಡಿಸ್ಟಿಲ್ಡ್ ವಾಟರ್ ಕ್ಯಾನ್ ಖಾಲಿಯಾಗಿತ್ತು. ಲ್ಯಾಬಿನ ಕಾಕಾ, ಮಕ್ಕಳ ಕೆಲಸ ನಿಲ್ಲಬಾರದೆಂದು, ನಳದ ನೀರು ಹಾಕಿಕೊಟ್ಟಿದ್ದರು. ನಮ್ಮ ಕಡೆ ಬೋರ್‌ವೆಲ್ ನೀರು ಹೇಗಿರುತ್ತದೆಂದು ಅಡುಗೆ ಮನೆಯ ಪಾತ್ರೆಯ ತಳ ಕಂಡವರಿಗೆಲ್ಲ ಗೊತ್ತು, ಬಿಳಿ ಪದರ ಕಟ್ಟುತ್ತದೆ. ಮುಂದಿನ ವಾರ ಅದೇ 1 ಆಂಪಿಯರ್‌ಗೆ ಎಲೆಕ್ಟ್ರೋಲೈಸರ್ 1.8ರ ಬದಲು 2.4 ವೋಲ್ಟ್ ಕೇಳತೊಡಗಿತು. ಎಲೆಕ್ಟ್ರೋಲೈಸರ್ ಒಳಗೂ ಇರುವ ಅಂಥದೇ ಮೆಂಬ್ರೇನ್‌ನಲ್ಲಿ ಪ್ರೋಟಾನ್‌ಗಳು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್, ಒಂದು ಆಮ್ಲದ ಗುಂಪಿನಿಂದ ಇನ್ನೊಂದಕ್ಕೆ ದಾಟುತ್ತ ಹೋಗಬೇಕು. ಕ್ಯಾಲ್ಸಿಯಂ ಬಂದು ಆ ಜಾಗ ಹಿಡಿದರೆ ಏಳುವುದಿಲ್ಲ. ಕಿಟಕಿಯಿಂದ ಟವೆಲ್ ಹಾಕಿ ಬಸ್ಸಿನಲ್ಲಿ ಸೀಟು ಹಿಡಿದ ಹಾಗೆ, ಅದೂ ಎರಡು ಧನ ವಿದ್ಯುದಂಶ ಇರುವುದರಿಂದ ಒಬ್ಬನೇ ಎರಡು ಸೀಟು. ಮಕ್ಕಳಿಗೆ ಹೀಗೆ ಹೇಳಿದ ಮೇಲೆ ಯಾರೂ ಮರೆಯಲಿಲ್ಲ. ಕಾಕಾ ಮಾತ್ರ ತುಂಬ ನೊಂದುಕೊಂಡರು. "ನನಗ ಯಾರೂ ಹೇಳಿದ್ದಿಲ್ರಿ ಬಾಯಾರ, ಹೇಳಿದ್ರ ಹಾಕ್ತಿದ್ದಿಲ್ಲ" ಎಂದರು. ಅವರ ಮಾತು ಸರಿ. ನಾನು ಹೇಳಿರಲಿಲ್ಲ, ಕೈಪಿಡಿ 'ಶುದ್ಧ ನೀರು ಬಳಸಿ' ಎಂದಷ್ಟೇ ಬರೆದಿತ್ತು. ಕುಡಿಯುವ ಆರ್‌ಓ ನೀರೂ ಜನರ ಬಾಯಲ್ಲಿ ಶುದ್ಧ ನೀರೇ. ಈಗ ಎಲೆಕ್ಟ್ರೋಲೈಸರ್ ಮೇಲೆ ದೊಡ್ಡ ಅಕ್ಷರದಲ್ಲಿ ಚೀಟಿ ಅಂಟಿಸಿದ್ದೇವೆ, ಕ್ಯಾನ್ ಕಾಲು ಭಾಗಕ್ಕೆ ಬಂದ ಕೂಡಲೇ ಕಾಕಾ ನನಗೆ ಫೋನ್ ಮಾಡುತ್ತಾರೆ. ಬ್ಯಾಟರಿ ಅಂಗಡಿಯ ನೀರು ತಂದರೂ ವಾಹಕತೆ ಅಳೆದೇ ಹಾಕುತ್ತೇವೆ. ವಾರಂಟಿಯಲ್ಲಿ ಇದು ಬರುವುದಿಲ್ಲ ಎಂದರು ಕಂಪನಿಯವರು, ಒಪ್ಪಿಕೊಂಡೆ. ಹೊಸ ಭಾಗ ಬರಲು ಏಳು ವಾರ ಹಿಡಿಸಿದ್ದನ್ನು ಮಾತ್ರ ಒಪ್ಪಲಾರೆ, ಅರ್ಧ ಸೆಮಿಸ್ಟರ್ ಹೋಯಿತು.

ಮೂರನೆಯದು ಕೈಪಿಡಿ. ಸಿಂಗಲ್ ಸೆಲ್‌ನ ನಟ್ಟುಗಳನ್ನು ಎಷ್ಟು ಬಿಗಿಯಬೇಕು ಎಂಬ ಅಂಕಿಯೇ ಅದರಲ್ಲಿಲ್ಲ. ಕಡಿಮೆಯಾದರೆ ಗ್ಯಾಸ್ ಸೋರುತ್ತದೆ, ತಟ್ಟೆಗೂ ಕಾರ್ಬನ್ ಕಾಗದಕ್ಕೂ ಸರಿಯಾಗಿ ತಾಗುವುದಿಲ್ಲ. ಹೆಚ್ಚಾದರೆ ಕಾಗದ ಜಜ್ಜಿ ಗ್ಯಾಸಿನ ದಾರಿ ಮುಚ್ಚುತ್ತದೆ, ಗ್ರಾಫೈಟ್ ಸೀಳುತ್ತದೆ. ಒಂದು ಗುಂಪು ಒಂದು ಮೂಲೆಯನ್ನು ಪೂರ್ತಿ ಬಿಗಿದು ಆಮೇಲೆ ಮುಂದಿನದಕ್ಕೆ ಹೋಯಿತು, ಗ್ಯಾಸ್ಕೆಟ್ ಒಂದು ಕಡೆಯಿಂದ ಹೊರಗೆ ಸರಿಯಿತು. ಆಗ ಸೋಲಾಪುರ ರಸ್ತೆಯಲ್ಲಿ ತಂದೆಯ ಗ್ಯಾರೇಜ್ ಇರುವ ಹುಡುಗ ಹೇಳಿದ: "ಗಾಡಿ ಗಾಲಿ ನಟ್ಟಿನಂಗ ಎದರಾ-ಬದರಾ ಸ್ವಲ್ಪ ಸ್ವಲ್ಪ ಬಿಗೀಬೇಕ್ರಿ." ಅವನೇ ಮನೆಯಿಂದ ಬಿಗಿತ ಅಳೆಯುವ ಟಾರ್ಕ್ ರೆಂಚ್ ತಂದ. ಬೇರೆ ಬೇರೆ ಬಿಗಿತಕ್ಕೆ ಕರ್ವ್ ತೆಗೆದು ನಮ್ಮ ಸೆಲ್‌ಗೆ ಯಾವುದು ಸರಿ ಎಂದು ಮಕ್ಕಳೇ ಗೊತ್ತುಮಾಡಿದರು. ಸೋರಿಕೆ ನೋಡಲು ಸೋಪಿನ ನೀರು ಹಚ್ಚುತ್ತೇವೆ, ಗುಳ್ಳೆ ಬಂದರೆ ಅಲ್ಲಿಗೆ ನಿಲ್ಲಿಸಿಬಿಡುವುದು.

ಸುರಕ್ಷತೆಯ ಪುಟವೂ ತೀರ ತೆಳು. ಗಾಳಿಯಲ್ಲಿ ಹೈಡ್ರೋಜನ್ ಶೇ 4ರಿಂದ 75ರವರೆಗೆ ಎಷ್ಟಿದ್ದರೂ ಹೊತ್ತಿಕೊಳ್ಳಬಲ್ಲದು, ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ, ಹಗುರವಾದ್ದರಿಂದ ಛಾವಣಿಗೆ ಹೋಗಿ ನಿಲ್ಲುತ್ತದೆ. ಇವು ಮೊದಲ ಪುಟದಲ್ಲೇ ಇರಬೇಕು. ನಾವು ಮೇಲಿನ ಗವಾಕ್ಷಿಗಳನ್ನು ತೆರೆದೇ ಇಡುತ್ತೇವೆ. ಸೋಲಾರ್ ಫಲಕದ ತಂತಿಗಳನ್ನು ಅದಲುಬದಲು ಮಾಡಿದರೆ ಎಲೆಕ್ಟ್ರೋಲೈಸರ್ ಕೆಡುತ್ತದೆ ಎಂಬ ಎಚ್ಚರಿಕೆ ಇದೆ, ಆದರೆ ನಮಗೆ ಬಂದ ಎರಡೂ ತಂತಿ ಕಪ್ಪು! ಮೊದಲ ದಿನವೇ ಕೆಂಪು ಟೇಪ್ ಸುತ್ತಿದೆ.

ಫಲಕವನ್ನು ಮಾತ್ರ ಮನಸಾರೆ ಹೊಗಳುತ್ತೇನೆ. ಪ್ರಯೋಗದ ನಡುವೆ ಕರೆಂಟ್ ಹೋಗುವುದು ನಮ್ಮಲ್ಲಿ ಹೊಸದಲ್ಲ. ಟೆರೇಸಿಗೆ ಒಯ್ದರೆ ಮಧ್ಯಾಹ್ನದ ಬಿಸಿಲಲ್ಲಿ ಗುಳ್ಳೆಗಳು ಎದ್ದೇ ಎದ್ದವು. ಹೈಡ್ರೋಜನ್ ಕೊಳವೆ ಆಕ್ಸಿಜನ್ನಿನ ಎರಡರಷ್ಟು ವೇಗದಲ್ಲಿ ತುಂಬುವುದನ್ನು ಮಕ್ಕಳು ನೆರಳಿನಲ್ಲಿ ಕೂತು ನೋಡಿದರು.

ಈ ಬಿಸಿಲೇ ಇನ್ನೊಂದು ಪಾಠಕ್ಕೂ ಕಾರಣವಾಯಿತು. ಜುಲೈನಲ್ಲಿ ಚೆನ್ನಾಗಿ ಓಡುತ್ತಿದ್ದ ಸ್ಟ್ಯಾಕ್ ಏಪ್ರಿಲ್‌ನಲ್ಲಿ ಸೊರಗಿತು. 1.5 ಆಂಪಿಯರ್‌ಗೆ 6.5 ವೋಲ್ಟ್ ಕೊಡುತ್ತಿದ್ದದ್ದು 5.4ಕ್ಕೆ ಇಳಿಯಿತು. ಕಂಪನಿಗೆ ಫೋನ್ ಮಾಡಿದರೆ ಸ್ಟ್ಯಾಕ್ ಕೆಟ್ಟಿರಬಹುದು, ಕಳಿಸಿ ಎಂದರು. ಪ್ರಾಜೆಕ್ಟ್ ಮಾಡುತ್ತಿದ್ದ ಮೂವರು ಹುಡುಗಿಯರು ಕಳಿಸಲು ಬಿಡಲಿಲ್ಲ. ಲ್ಯಾಬಿನಲ್ಲಿ 38 ಡಿಗ್ರಿ, ಗಾಳಿಯ ತೇವಾಂಶ ಶೇ 18. ಈ ಮೆಂಬ್ರೇನ್ ಒಳಗೆ ನೀರಿದ್ದರೆ ಮಾತ್ರ ಪ್ರೋಟಾನ್ ಸಾಗಿಸುತ್ತದೆ. ನಮ್ಮ ಸ್ಟ್ಯಾಕಿನ ಫ್ಯಾನ್ ಆ ಒಣ ಗಾಳಿಯನ್ನೇ ಹೊತ್ತು ಹೊತ್ತಿಗೂ ಊದುತ್ತಿತ್ತು. ಅವರಲ್ಲೊಬ್ಬಳು ಸ್ಟಾಫ್ ರೂಮಿನ ಏರ್ ಕೂಲರ್ ಕೇಳಿದಳು. ಹುಲ್ಲಿನ ಪ್ಯಾಡಿಗೆ ನೀರು ಬಿಟ್ಟು, ಸ್ಟ್ಯಾಕಿನಿಂದ ನಾಲ್ಕು ಅಡಿ ದೂರದಲ್ಲಿ ಇಟ್ಟು ಹಚ್ಚಿದರು. ಐದು ನಿಮಿಷ ಏನೂ ಇಲ್ಲ. ಆಮೇಲೆ ಮೀಟರಿನ ಕೊನೆಯ ಅಂಕಿ ಅಲುಗಾಡತೊಡಗಿತು: 5.5, 5.7, 5.8. ಇಪ್ಪತ್ತು ನಿಮಿಷಕ್ಕೆ 6.3. ಬರೀ ಗಾಳಿ ಹೆಚ್ಚಾದದ್ದಕ್ಕೆ ಏರಿತೇನೋ ಎಂದು ನಾನು ಅನುಮಾನಪಟ್ಟೆ. ಮರುದಿನ ನೀರಿಲ್ಲದೆ, ಒಣ ಪ್ಯಾಡಿನಲ್ಲಿ ಕೂಲರ್ ಹಚ್ಚಿ ತೋರಿಸಿದರು. ವೋಲ್ಟೇಜ್ ಏರಲಿಲ್ಲ, ಇನ್ನಷ್ಟು ಇಳಿಯಿತು. ಹದಿನಾಲ್ಕು ವರ್ಷದಲ್ಲಿ ನನ್ನ ಅನುಮಾನಕ್ಕೆ ಮಕ್ಕಳಿಂದ ಸಿಕ್ಕ ಅತ್ಯುತ್ತಮ ಉತ್ತರ ಅದು.

ಇದೆಲ್ಲ ಯಾಕೆ ಕಲಿಯಬೇಕು ಎಂದು ಕೇಳುವವರು ಪ್ರತಿ ವರ್ಷ ಇರುತ್ತಾರೆ, ಕೇಳಬೇಕು ಕೂಡ. ಬ್ರಿಟನ್ನಿನ ವಿಲಿಯಂ ಗ್ರೋವ್ 1839ರಲ್ಲಿ ಮೊದಮೊದಲ ಫ್ಯೂಯಲ್ ಸೆಲ್ ಪ್ರಯೋಗ ಮಾಡಿದ್ದು, 1970ರಲ್ಲಿ ಚಂದ್ರನತ್ತ ಹೊರಟಿದ್ದ ಅಪೊಲೊ 13 ನೌಕೆಯ ಆಕ್ಸಿಜನ್ ಟ್ಯಾಂಕ್ ಸಿಡಿದಾಗ ಫ್ಯೂಯಲ್ ಸೆಲ್‌ಗಳು ನಿಂತು ಗಗನಯಾತ್ರಿಗಳಿಗೆ ವಿದ್ಯುತ್ತೂ ನೀರೂ ಕೊರತೆಯಾದದ್ದು, ಇವನ್ನು ಹೇಳುತ್ತೇನೆ. ಆದರೆ ಅವರ ಕಣ್ಣು ಅರಳುವುದು 2024ರ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿ ಸಿ58ರ ಮಾತಿಗೆ. ಆ ರಾಕೆಟ್ಟಿನ ಕೊನೆಯ ಹಂತದಲ್ಲಿ ಇಸ್ರೊ 100 ವ್ಯಾಟ್ ದರ್ಜೆಯ ಫ್ಯೂಯಲ್ ಸೆಲ್ಲನ್ನು ಬಾಹ್ಯಾಕಾಶದಲ್ಲೇ ಪರೀಕ್ಷಿಸಿತು, ಅದೂ ನಮ್ಮ ಮೇಜಿನ ಮೇಲಿರುವಂಥದೇ ಪಾಲಿಮರ್ ಮೆಂಬ್ರೇನ್ ಬಗೆಯದು. ಅದೇ ವರ್ಷ ಫೆಬ್ರವರಿಯಲ್ಲಿ ಕೊಚ್ಚಿಯ ಹಡಗುಕಟ್ಟೆಯಲ್ಲಿ ತಯಾರಾದ ಹೈಡ್ರೋಜನ್ ದೋಣಿಗೆ ಚಾಲನೆ ಸಿಕ್ಕಿತು. ಮುಧೋಳ ಕಡೆಯ ಹುಡುಗನೊಬ್ಬ ಸಕ್ಕರೆ ಕಾರ್ಖಾನೆಯ ಬಯೋಗ್ಯಾಸಿನಿಂದ ಈ ಸ್ಟ್ಯಾಕ್ ಓಡಿಸಬಹುದೇ ಎಂದು ಕೇಳಿದ. ಇದಕ್ಕೆ ಆಗದು, ಬಯೋಗ್ಯಾಸಿನಿಂದ ಹೈಡ್ರೋಜನ್ ತೆಗೆಯುವಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ದಶಲಕ್ಷದಲ್ಲಿ ಕೆಲವೇ ಪಾಲು ಇದ್ದರೂ ಪ್ಲಾಟಿನಂ ಕಟ್ಟಿಹಾಕುತ್ತದೆ, ಬಯೋಗ್ಯಾಸಿನ ಗಂಧಕ ಇನ್ನೂ ಕೆಟ್ಟದ್ದು. ಗಂಧಕ ತೆಗೆದ ಬಯೋಗ್ಯಾಸ್ ಹೆಚ್ಚು ಬಿಸಿಯಲ್ಲಿ ಕೆಲಸ ಮಾಡುವ ಸಾಲಿಡ್ ಆಕ್ಸೈಡ್ ಸೆಲ್‌ಗೆ ಹೊಂದುತ್ತದೆ. ಅದನ್ನು ತೋರಿಸುವ ಯಾವುದೂ ಈ ಕಿಟ್‌ನಲ್ಲಿಲ್ಲ, ಆ ಭಾಗ ಇಂದಿಗೂ ಬೋರ್ಡಿನ ಮೇಲೆಯೇ.

ತಗೋಬಹುದಾ ಎಂದರೆ, ತಗೊಳ್ಳಿ. ಆದರೆ ಆರ್ಡರ್ ಕೊಡುವ ಮುಂಚೆ ಬಿಡಿ ಮೆಂಬ್ರೇನ್ ಜೋಡಣೆ ಎಷ್ಟು ದಿನದಲ್ಲಿ ಬರುತ್ತದೆ, ಅದರ ಬೆಲೆ ಎಷ್ಟು ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ನಟ್ಟಿನ ಬಿಗಿತದ ಅಂಕಿ ಕೇಳಿ, ಕೊಡದಿದ್ದರೆ ಬೇರೆಯವರನ್ನು ನೋಡಿ. ಎರಡು ಮೂರು ಬಿಡಿ ಮೆಂಬ್ರೇನ್ ಮೊದಲೇ ತರಿಸಿಟ್ಟುಕೊಳ್ಳಿ, ಮಕ್ಕಳ ಕೈಯಲ್ಲಿ ಒಂದಾದರೂ ಹಾಳಾಗುತ್ತದೆ, ಆಗಲೂಬೇಕು. ಹೈಡ್ರೋಜನ್ ಸಿಲಿಂಡರಿಗೆ ಸುರಕ್ಷಿತ ಜಾಗ ಇಲ್ಲದ ಕಾಲೇಜಾದರೆ ಸ್ಟ್ಯಾಕಿನ ಆಸೆ ಬಿಡಿ.

ಈ ವರ್ಷ ವಿಷಯ ಆರಿಸಿಕೊಂಡವರು ಐವತ್ತೆರಡು ಜನ, ಒಂದು ಸೆಲ್‌ನ ಸುತ್ತ ಅಷ್ಟು ಮಂದಿ ನಿಲ್ಲಲಾಗುವುದಿಲ್ಲ. ಹೊಸ ಕೊಟೇಶನ್ ತರಿಸಿದ್ದೇನೆ. ಸ್ಟ್ಯಾಕ್ ಬೇಡ, ಬಿಚ್ಚುವ ಸಿಂಗಲ್ ಸೆಲ್ ಮೂರು ಬೇಕು, ತಂತಿ ಒಂದು ಕೆಂಪು ಒಂದು ಕಪ್ಪು ಇರಲಿ ಎಂದು ಬರೆದು ಕಳಿಸಿದೆ.